ಚುಕ್ಕಿ ಒಪ್ಪಿದ ಸೀರೆ

ಹಸು ಚುಕ್ಕಿ ಮತ್ತೆ ಒದ್ದಿತು. ಬಕೆಟ್ಟು ಉರುಳಿ ಕೊಟ್ಟಿಗೆಯ ಮೂಲೆ ಸೇರಿತು. ಮುನಿಗಂಗಮ್ಮನ ಹಸಿರು ಸೀರೆ ಉಟ್ಟು ಕುಕ್ಕರಗಾಲಲ್ಲಿ ಕೂತಿದ್ದ ವೆಂಕಿ ಸಗಣಿಯ ಮೇಲೆ ಅಂಗಾತ ಬಿದ್ದ. ಕ್ಯಾಮೆರಾ ಹಿಡಿದಿದ್ದ ಸೆಲ್ವರಾಜ್ ನಗು ತಡೆಯಲಾರದೆ ಗೋಡೆಗೆ ಒರಗಿಕೊಂಡ.

"ನಗ್ಬೇಡ್ಲಾ! ಸೀರೆ ಅಜ್ಜೀದಾದ್ರೂ ಕೈ ಅಜ್ಜೀದಲ್ಲ ಅಂತ ಅಸೂಗೆ ಗೊತ್ತಾಗೋಗೈತೆ," ಎಂದು ವೆಂಕಿ ಸೊಂಟ ಹಿಡಿದುಕೊಂಡು ಎದ್ದ.

ದೊಡ್ಡವೆಂಕಟಪ್ಪ ಜಗಲಿಯ ಮೇಲೆ ಕೂತು ನೋಡುತ್ತಿದ್ದ. ಮೊಮ್ಮಗಳು ಕಲ್ಪನ ಚಿನ್ನದ ಗಣಿಯ ಕೋರಮಂಡಲ್ ಬಡಾವಣೆಯ ಹುಡುಗರ ಜೊತೆ ಸೇರಿ ನಗೆಯಾಟದ ತಂಡ ಕಟ್ಟಿದ್ದಳು. ಮೊದಮೊದಲು ವಿಡಿಯೊ ಮಾಡಿ ಫೋನಿನಲ್ಲಿ ಬಿಡುತ್ತಿದ್ದರು. ಈಗ ಟೀವಿಯವರು ವಾರಕ್ಕೆ ಅರ್ಧ ಗಂಟೆ ಕೊಟ್ಟಿದ್ದರು. ಅದರಲ್ಲಿ ನಾಲ್ಕೈದು ಪುಟ್ಟ ಆಟಗಳು. ಕಲ್ಪನ ತಾನೇ ಬರೆದದ್ದು ಇದೇ ಮೊದಲು. ಮನೆಯ ಹಸುವೇ ಆಗಬೇಕೆಂದು ಎಲ್ಲರನ್ನೂ ಕಾಮಸಮುದ್ರದ ಬಸ್ಸು ಹತ್ತಿಸಿಕೊಂಡು ಬಂದಿದ್ದಳು.

ಆಟ ಏನೆಂದು ಮುದುಕನಿಗೆ ತಿಳಿದದ್ದು ಬೆಳಿಗ್ಗೆ. ಹೆಂಡತಿ ಊರಿನಲ್ಲಿಲ್ಲ, ಹಸು ಬೇರೆಯವರಿಗೆ ಹಾಲು ಇಳಿಸುವುದಿಲ್ಲ, ಗಂಡ ಬಾಗಿಲು ಮುಚ್ಚಿ ಅವಳ ಸೀರೆ ಸುತ್ತಿಕೊಂಡು ಹಾಲು ಕರೆಯುತ್ತಾನೆ. ಕೇಳಿದ ಕೂಡಲೇ ಬಾಯಿಗೆ ಹೋಗುತ್ತಿದ್ದ ಕಾಫಿ ಲೋಟ ಅಲ್ಲೇ ನಿಂತಿತ್ತು. ಹೆಂಡತಿ ಮುನಿಗಂಗಮ್ಮ ತಮ್ಮನ ಮಗಳ ಬಾಣಂತನಕ್ಕೆ ಹೋಗಿದ್ದಾಗ ತಾನು ಮಾಡಿದ್ದು ಅದನ್ನೇ. ಬಲ್ಲದ್ದು ಚುಕ್ಕಿಯೊಂದೇ ಎಂದುಕೊಂಡಿದ್ದ.

"ನಿಂಗ್ಯಾರೇ ಏಳಿದ್ದು?" ಎಂದು ಹೆಂಡತಿಯನ್ನು ಒಲೆಯ ಬಳಿ ಹಿಡಿದು ಕೇಳಿದ್ದ.

"ಸೀರೆ ತುಂಬ ಬೀಡಿ ವಾಸ್ನೆ. ಯಾರಾನ ಏಳ್ಬೇಕಾ?"

"ಇಷ್ಟ್ ದಿನ ಬಾಯ್ ಬಿಡ್ನಿಲ್ವಲ್ಲ."

"ನೀನ್ ಬಿಟ್ಯಾ?"

ಅಜ್ಜಿಯಿಂದ ಕೇಳಿ ಬರೆದಿದ್ದರೂ ಮೊಮ್ಮಗಳು ಹುಡುಗರಿಗೆ ಯಾರ ಹೆಸರೂ ಹೇಳಿರಲಿಲ್ಲ, ಅಷ್ಟೇ ಸಮಾಧಾನ. ಡೈರಿ ಕಟ್ಟೆಯ ಮೇಲೆ ಕೂರುವ ಅಶ್ವತ್ಥಪ್ಪನ ಬಾಯಿಗೇನಾದರೂ ಇದು ಬಿದ್ದರೆ ಆತ ಸಾಯುವ ತನಕ ಬಿಡುವವನಲ್ಲ.

ಬಿಸಿಲು ಕೊಟ್ಟಿಗೆಯ ಬಾಗಿಲಿನಿಂದ ಆಚೆಗೆ ಸರಿಯುತ್ತಿತ್ತು. ಆಟ ಆಡಿಸುತ್ತಿದ್ದ ಗಿರಿ ತಲೆ ಕೆರೆದುಕೊಂಡ.

"ಬಿಟ್ಬಿಡಾಣ ಕಲ್ಪನಾ. ಬೆಳಕೇ ಇಲ್ಲ. ಈ ವಾರಕ್ಕೆ ಬಸ್‌ಸ್ಟ್ಯಾಂಡ್ ಆಟಾನೇ ಆಕಾಣ."

"ಸರಿ ಬಿಡು," ಎಂದಳು ಕಲ್ಪನ. ಎಂದವಳು ಯಾರ ಕಡೆಯೂ ತಿರುಗದೆ ಚುಕ್ಕಿಯ ಕತ್ತಿನ ಗಂಗೆದೊಗಲು ಸವರುತ್ತಾ ನಿಂತುಬಿಟ್ಟಳು. ಕೆಚ್ಚಲು ಬಿಗಿದು ಹಸುವೂ ಕಾಲು ಬದಲಿಸುತ್ತಿತ್ತು.

ದೊಡ್ಡವೆಂಕಟಪ್ಪ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. ಜಗಲಿ ಇಳಿದ.

"ಲೇ ವೆಂಕಿ, ಬಿಚ್ಲಾ ಸೀರೇನ."

"ಯಾಕೆ ತಾತ?"

"ಬಿಚ್ಚು ಅಂದ್ರೆ ಬಿಚ್ಚು."

ಪಂಚೆಯ ಮೇಲೆಯೇ ಮುದುಕ ಸೀರೆ ಸುತ್ತತೊಡಗಿದ. ಕಲ್ಪನ ತಿರುಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಸೆಲ್ವರಾಜ್ ಕ್ಯಾಮೆರಾ ಎತ್ತಿದ.

"ಮೀಸೆ ಕಾಣ್ಲಿ ತಾತಾ. ಸೆಮ್ಮ ಜೋರಾಗಿದೀಯಪ್ಪಾ!" ಎಂದ, ತಮಿಳು ಬೆರೆಸಿ.

"ನೆರಿಗೆ ಆ ಕಡೆ ಅಲ್ಲ," ಎಂದಳು ಬಾಗಿಲಲ್ಲಿ ನಿಂತಿದ್ದ ಮುನಿಗಂಗಮ್ಮ.

"ಅವತ್ತು ಯಾವಳೂ ಏಳ್ಕೊಡ್ನಿಲ್ಲ. ಸುಮ್ಕಿರು."

ಹುಡುಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಟದ ಗಂಡ ಯಾರೆಂದು ಅವರಿಗೆ ಈಗ ಅರ್ಥವಾಗಿತ್ತು. ದೊಡ್ಡವೆಂಕಟಪ್ಪ ಬಕೆಟ್ಟನ್ನು ಮಂಡಿಗಳ ನಡುವೆ ಇಟ್ಟುಕೊಂಡು ಹಸುವಿನ ಪಕ್ಕೆಗೆ ಹಣೆ ಆನಿಸಿ ಕೂತ. ಚುಕ್ಕಿ ಕತ್ತು ತಿರುಗಿಸಿ ಮೂಸಿತು. ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಬಕೆಟ್ಟಿನ ತಳಕ್ಕೆ ಹಾಲಿನ ಧಾರೆ ಹೊಡೆದು ಸದ್ದಾಯಿತು.

"ಆಯ್ತು ತಾತ, ಸಿಕ್ತು," ಎಂದು ಗಿರಿ ಸ್ವಲ್ಪ ಹೊತ್ತಿನ ಮೇಲೆ ಮೆತ್ತಗೆ ಹೇಳಿದ.

"ನಿಂದಾಯ್ತು. ಇದ್ರುದ್ದು ಇನ್ನೂ ಐತೆ."

ಸೆಲ್ವರಾಜ್ ಕ್ಯಾಮೆರಾ ಇಳಿಸಲಿಲ್ಲ. ಸೆರಗು ಜಾರಿ ಬಕೆಟ್ಟಿನತ್ತ ಇಳಿಯುತ್ತಿತ್ತು. ಮುನಿಗಂಗಮ್ಮ ಕ್ಯಾಮೆರಾದ ಮುಂದೆಯೇ ಹಾದುಬಂದು, ಬಗ್ಗಿ, ಸೆರಗನ್ನು ಅವನ ಹೆಗಲ ಮೇಲೆ ಎಳೆದು ಸಿಕ್ಕಿಸಿದಳು. ಅವನು ತಲೆ ಎತ್ತಲಿಲ್ಲ. ನೊರೆ ಬಕೆಟ್ಟಿನ ಕಂಠದತ್ತ ಏರುತ್ತಿತ್ತು.