ನಡುವಿನಿಂದ ಶುರುಮಾಡಿ

೨೦೧೯ರ ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ರಸಾಯನಶಾಸ್ತ್ರ ವಿಭಾಗದ ಸೆಮಿನಾರ್ ಕೊಠಡಿಯ ಹೊರಗೆ ಎಂಎಸ್ಸಿ ಮೊದಲ ವರ್ಷದ ಹುಡುಗಿಯೊಬ್ಬಳು ತನ್ನ ಪ್ರಯೋಗವನ್ನು ಮಂಡಿಸುವ ಸರದಿಗೆ ಕಾಯುತ್ತಿದ್ದಳು. ತರಗತಿಯಲ್ಲಿ ಅವಳಿಗೆ ಗಿಣಿ ಎಂದು ಹೆಸರು.

'ಏನೇ ಗಿಣಿ, ಪೂರ್ತಿ ನುಂಗಿದ್ಯಾ?' ಎಂದಳು ರೂಮಿನ ಗೆಳತಿ.

'ನುಂಗಿದೀನಿ ಕಣೇ. ಅರಗಿದ್ಯೋ ಇಲ್ವೋ ಗೊತ್ತಿಲ್ಲ.'

ಐವತ್ತಕ್ಕೆ ಇಪ್ಪತ್ತೈದು ಬಂದರೆ ಮುಂದಿನ ಸೆಮಿಸ್ಟರಿಗೆ ಲ್ಯಾಬಿನಲ್ಲಿ ಜಾಗ. ಬಾರದಿದ್ದರೆ ಒಂದು ವರ್ಷ ಮನೆಯಲ್ಲಿ. ಮನೆಗೆ ಬಂದವಳನ್ನು ಅಪ್ಪ ಮತ್ತೆ ಕಳಿಸುವುದು ಅನುಮಾನ.

ಉಪ್ಪುನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುವ ವೇಗ ಅವಳ ವಿಷಯ. ಪ್ರಯೋಗಕ್ಕಿಂತ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿಯುವುದಕ್ಕೇ ಹೆಚ್ಚು ಕಾಲ ಹಿಡಿದಿತ್ತು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಆ ಸದ್ದಿನ ಮರೆಯಲ್ಲಿ, ನಮಸ್ಕಾರದಿಂದ ಧನ್ಯವಾದದವರೆಗೆ ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದಳು. ಈಗ ಎಲ್ಲೂ ತಡವರಿಸುತ್ತಿರಲಿಲ್ಲ. ಆ ಧೈರ್ಯದಲ್ಲೇ ಒಳಗೆ ಹೋದಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಸಭ್ಯರು. ಅವಳು ಬಾಯಿ ತೆರೆಯುವ ಮೊದಲೇ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: 'ಹೊತ್ತಾಗಿದೆಯಮ್ಮ. ಪೀಠಿಕೆ ಬೇಡ, ನಡುವಿನಿಂದ ಶುರುಮಾಡಿ. ನೇರ ಗ್ರಾಫಿಗೆ ಬನ್ನಿ.'

ಗ್ರಾಫ್ ಪರದೆಯ ಮೇಲೆ ಬಂತು. ಮಾತು ಬರಲಿಲ್ಲ. ಏಳೆಂಟ್ಲ ಎಷ್ಟು ಎಂದರೆ ಏಳೊಂದ್ಲ ಏಳರಿಂದ ಹತ್ತಿಕೊಂಡು ಬರುವ ಮಗುವಿನ ಹಾಗೆ ಅವಳು ಮನಸ್ಸಿನಲ್ಲೇ ನಮಸ್ಕಾರದಿಂದ ಹೊರಟಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಎರಡನೇ ಸ್ಲೈಡಿನ ಕೊನೆಗೆ ಬಂದಿದ್ದಳು, ಅಷ್ಟರಲ್ಲಿ ಪರೀಕ್ಷಕರು, ಗೆರೆ ಕೊನೆಯಲ್ಲಿ ಕೆಳಗಿಳಿದಿದೆಯಲ್ಲ, ಯಾಕೆ ಎಂದು ಕೇಳಿದರು. ಹಿಡಿದಿದ್ದ ಎಳೆ ತಪ್ಪಿತು. ಮತ್ತೆ ನಮಸ್ಕಾರದಿಂದ. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿ ನಗು ಮುಚ್ಚಿಕೊಂಡರು. ಪರೀಕ್ಷಕರು ಕಾದರು, ನೀರಿನ ಲೋಟವನ್ನು ಅವಳತ್ತ ಸರಿಸಿದರು, ಆಮೇಲೆ ಗಡಿಯಾರ ನೋಡಿ ಮುಂದಿನವರನ್ನು ಕರೆದರು.

ಒಳಗೆ ಕೂತು ನೋಡಿದ್ದ ಗೆಳತಿ ಹೊರಗೆ ಬಂದು ಕೇಳಿದಳು: 'ಆ ಗೆರೆ ಯಾಕೆ ಇಳಿಯುತ್ತೇ?'

'ಉಪ್ಪು ಒಂದು ಮಟ್ಟ ದಾಟಿದ್ಮೇಲೆ ನೀರಲ್ಲಿ ಆಮ್ಲಜನಕ ಕಡಿಮೆ ಕರಗುತ್ತೆ. ಆಮ್ಲಜನಕ ಇಲ್ದೆ ತುಕ್ಕು ಎಲ್ಲಿಂದ ಬರ್ಬೇಕು?'

'ಇಷ್ಟೇನಾ? ಇದನ್ನ ಹರಕುಮುರುಕು ಇಂಗ್ಲಿಷಲ್ಲಿ ಹೇಳಿದ್ರೂ ಆಗ್ತಿತ್ತಲ್ಲೇ.'

'ಹರಕುಮುರುಕು ಅಭ್ಯಾಸ ಮಾಡಿರ್ಲಿಲ್ಲ ಕಣೇ.'

ಸಂಜೆ ಅಂಕಗಳನ್ನು ಬೋರ್ಡಿಗೆ ಅಂಟಿಸಿದರು. ಪ್ರಯೋಗಕ್ಕೆ ಇಪ್ಪತ್ತರಲ್ಲಿ ಹತ್ತೊಂಬತ್ತು, ಮಂಡನೆಗೆ ಮೂವತ್ತರಲ್ಲಿ ಎರಡು. ಒಟ್ಟು ಐವತ್ತಕ್ಕೆ ಇಪ್ಪತ್ತೊಂದು.