ಐಲ್ಸಮ್ಮನ ಉಡಿ

ಕಿಂಟೈರ್ ಅನ್ನುವ ಆ ನೆಲಕ್ಕೆ ಮೂರು ಕಡೆಯೂ ಸಮುದ್ರ. ಸ್ಕಾಟ್ಲೆಂಡಿನ ಆ ಮೂಲೆಗೆ ಹಂಪಿ ಬಳಿಯ ಕಡ್ಡಿರಾಂಪುರದ ದುರ್ಗಕ್ಕ ಬಂದದ್ದು ಊರು ನೋಡುವುದಕ್ಕಲ್ಲ, ಐಲ್ಸಾಳನ್ನು ನೋಡುವುದಕ್ಕೆ. ಕಾರಿನಾಚೆ ಹಸಿರು ಗುಡ್ಡ, ಕುರಿ, ಬಂಡೆಯ ಮೇಲೆ ಮೈ ಕಾಯಿಸುವ ಸೀಲ್ ಪ್ರಾಣಿಗಳು. ಮಗಳು ಹೇಮಾ ಒಂದೇ ಸಮನೆ ಫೋಟೊ ಹೊಡೆಯುತ್ತಿದ್ದಳು. ದುರ್ಗಕ್ಕನ ಕೈ ಮಾತ್ರ ತೊಡೆಯ ಮೇಲಿನ ಚೀಲ ಬಿಟ್ಟಿರಲಿಲ್ಲ. ಅದರಲ್ಲಿ ಅಕ್ಕಿ, ಅರಿಷಿಣದ ಕೊಂಬು, ಕೊಬ್ಬರಿ ಬಟ್ಟಲು, ಹೊಸಪೇಟೆಯಿಂದ ತಂದ ಹಸಿರು ಕುಬಸದ ಖಣ.

ಐಲ್ಸಾ ಹಂಪಿಯ ಕಲ್ಲುಗಳ ಚಿತ್ರ ಬರೆಯುತ್ತ ಒಂಬತ್ತು ಚಳಿಗಾಲ ದುರ್ಗಕ್ಕನ ಹೋಂಸ್ಟೇಯಲ್ಲೇ ಉಳಿದವಳು. ರೊಟ್ಟಿ ಬಡಿಯುವುದನ್ನೂ ನಾಲ್ಕು ಮಾತು ಕನ್ನಡವನ್ನೂ ಅಲ್ಲೇ ಕಲಿತಳು. ಹೊರಟು ನಿಂತ ಹೆಣ್ಣಿಗೆ ಉಡಿ ತುಂಬದೆ ಕಳಿಸುವ ಮನೆಯಲ್ಲ ಅದು. ಮೊದಲ ವರ್ಷ ಹೊರಡುವಾಗ ಐಲ್ಸಾಳೂ ವೇಲು ಒಡ್ಡಿ ನಿಂತಿದ್ದಳು.

"ಗಂಡ ಇಲ್ಲದವ್ರಿಗೆ ತುಂಬಂಗಿಲ್ಲ ಐಲ್ಸಮ್ಮ," ಅಂದುಬಿಟ್ಟಿದ್ದಳು ದುರ್ಗಕ್ಕ. ಆ ಬಾಯಿಗೆ ಹುಳ ಬೀಳಬಾರದಿತ್ತೆ! ಐಲ್ಸಾ ಮತ್ತೆಂದೂ ಕೇಳಲಿಲ್ಲ.

ತನ್ನ ಕಾಲಿಗೆ ಮುಳ್ಳು ಚುಚ್ಚಿದಾಗಲೇ ನೋವು ತಿಳಿಯುವುದು. ಹೋದ ವರ್ಷ ಗಂಡ ಹನುಮಣ್ಣ ತೀರಿಕೊಂಡ. ಆಮೇಲೆ ಕಮಲಾಪುರದ ಒಂದು ಮದುವೆಯಲ್ಲಿ ಉಡಿಯಕ್ಕಿಯ ಮೊರ ದುರ್ಗಕ್ಕನನ್ನು ದಾಟಿ ಪಕ್ಕದವಳ ಮುಂದೆ ನಿಂತಿತು. ಅವಳಿಗೆ ಆಗ ಕಣ್ಣಿಗೆ ಕಟ್ಟಿದ್ದು ಐಲ್ಸಾಳ ಆ ಬರಿದಾದ ವೇಲು. ಅದೇ ತಿಂಗಳು ಐಲ್ಸಾಳ ಮಗಳು ಮೊರಾಗ್ ಫೋನ್ ಮಾಡಿದಳು: ಅಮ್ಮನಿಗೆ ಮರೆವು, ನಿಮ್ಮ ಮುಖ ಕಂಡರೆ ಏನಾದರೂ ನೆನಪಾದೀತು, ಒಮ್ಮೆ ಬನ್ನಿ.

ಇವರು ಒಳಗೆ ಹೋದಾಗ ಸಮುದ್ರದ ಕಡೆಯ ಕಿಟಕಿಯ ಬಳಿ ಐಲ್ಸಾ ಕೂತಿದ್ದಳು. ಹೇಮಾ ಹಂಪಿಯ ಫೋಟೊಗಳನ್ನು ತೋರಿಸಿದಳು: ಹೊಳೆ, ಹರಿಗೋಲು, ಐಲ್ಸಾಳೇ ಚಿತ್ರ ಬರೆದ ಕಲ್ಲುಗಳು. ಎಲ್ಲಕ್ಕೂ ಒಂದೇ ನಗು, ಗುರುತಿಲ್ಲದವರಿಗೆ ನಗುವಂಥದು.

"ನಾನ್ರಿ, ದುರ್ಗಕ್ಕ."

ಅದಕ್ಕೂ ಅದೇ ನಗು.

"ಬಿಡಬೇ ಯವ್ವಾ, ನೆನಪಿಲ್ಲ ಅವ್ರಿಗೆ," ಅಂದಳು ಹೇಮಾ.

"ನೆನಪಿಲ್ದಿದ್ರ ಇಲ್ಲ. ಉಡಿ ತುಂಬಾಕ ನೆನಪು ಯಾಕ ಬೇಕು?" ದುರ್ಗಕ್ಕ ಐಲ್ಸಾಳ ಶಾಲನ್ನು ಮಡಿಲ ಮೇಲೆ ಹರಡಿ, ಖಣ ಇಟ್ಟು, ಬೊಗಸೆ ತುಂಬ ಅಕ್ಕಿ ಎತ್ತಿದಳು.

ಐಲ್ಸಾಳ ನಗು ನಿಂತಿತು. ಅಕ್ಕಿ ನೋಡಿದಳು, ಖಣ ನೋಡಿದಳು. ಖಣವನ್ನು ಮೆಲ್ಲಗೆ ಎತ್ತಿ ದುರ್ಗಕ್ಕನ ಕಡೆ ಚಾಚಿ, ಶಾಲಿನಿಂದ ಮಡಿಲು ಮುಚ್ಚಿಕೊಂಡಳು.

"ನನಗ ಬ್ಯಾಡ್ರಿ," ಅಂದಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ದನಿಯಲ್ಲಿ. "ಗಂಡ ಇಲ್ಲ. ತುಂಬಂಗಿಲ್ಲ."

ಪಕ್ಕದಲ್ಲಿದ್ದ ಮೊರಾಗ್ ಹಿಗ್ಗಿಹೋದಳು. ಎಷ್ಟೋ ತಿಂಗಳ ಮೇಲೆ ಅಮ್ಮ ಬಾಯಿ ಬಿಟ್ಟಿದ್ದಳು. ಏನಂದಳು, ಏನಂದಳು ಎಂದು ಹೇಮಾಳನ್ನು ಕೇಳಿದಳು.

ಹೇಮಾ ಅವ್ವನ ಮುಖ ನೋಡಿದಳು. ದುರ್ಗಕ್ಕನ ಬೊಗಸೆಯ ಅಕ್ಕಿ ನೆಲಕ್ಕೆ ಸುರಿಯುತ್ತಿತ್ತು.