ಒಂದು ಮೀನಿಗಾಗುವಷ್ಟು ನೀರು

"ಇದ್ರಲ್ಲಿ ಒಂದೇ ಒಂದು ಮೀನು ಬಿಡಬಹುದು ಗುರೂ. ಎರಡು ಬಿಟ್ರೆ ಎರಡೂ ಹೋಗ್ತವೆ."

ಮೀನು ಮಾರುವ ಸುಂದರೇಶ ಹೀಗೆಂದಾಗ ಶಿವಕಿರಣನಿಗೆ ಆ ಗಾಜಿನ ಪೆಟ್ಟಿಗೆಯನ್ನು ಅಂಗಡಿಯ ನೆಲಕ್ಕೇ ಕುಕ್ಕಿಬಿಡಬೇಕೆನಿಸಿತು. ಬೆಳಗ್ಗೆಯಿಂದ ಲಗೇಜ್ ಆಟೋದಲ್ಲಿ ಸಿಮೆಂಟ್ ಚೀಲ ಹೊತ್ತಿಳಿಸಿ ಬಂದ ಕೈಗಳ ನಡುವೆ ಅದು ಊಟದ ಕ್ಯಾರಿಯರ್‌ನಷ್ಟೇ ಇತ್ತು. ಲಷ್ಕರ್ ಮೊಹಲ್ಲಾದ ಆ ಅಂಗಡಿಯ ತುಂಬಾ ಸಾಕುವ ಮೀನು. ಗೋಡೆಯುದ್ದಕ್ಕೂ ಬೆಳಕು ಹೊತ್ತಿಸಿಕೊಂಡ ತೊಟ್ಟಿಗಳು. ಅವನ ಕೈಗೆಟುಕಿದ್ದು ಮಾತ್ರ ಇದು.

ಚಿಕ್ಕ ತೊಟ್ಟಿಗೇ ಚಾಕರಿ ಹೆಚ್ಚು ಎಂದು ಸುಂದರೇಶ ಬಿಡಿಸಿ ಹೇಳಿದ. ನೀರು ಕಡಿಮೆ, ಬೇಗ ಕೆಡುತ್ತದೆ. ತಂದ ದಿನವೇ ಮೀನು ಬಿಡುವಂತಿಲ್ಲ; ಒಂದು ಗಿಡ ನೆಟ್ಟು ಕೆಲವು ವಾರ ಬರೀ ನೀರನ್ನೇ ಇಟ್ಟುಕೊಂಡಿರಬೇಕು. ನೀರು ಪಳಗಬೇಕು. ಆಮೇಲೆ ಒಂದು ಫೈಟರ್ ಮೀನು, ಅಷ್ಟೆ.

"ನಿಜ ಹೇಳ್ಲಾ? ಇಷ್ಟು ಚಿಕ್ಕದು ಇಡೋದಕ್ಕಿಂತ ಸುಮ್ನಿರೋದೇ ವಾಸಿ. ನಿಮ್ಮಣ್ಣ ತಗೊಂಡ್ರಲ್ಲ, ಅಂಥದ್ದು ಇಟ್ರೆ ಮನೆಗೊಂದು ಕಳೆ."

ನಿಮ್ಮಣ್ಣ. ಈ ಊರಲ್ಲಿ ಯಾವ ಅಂಗಡಿ ಹೊಕ್ಕರೂ ಅಣ್ಣ ಇವನಿಗಿಂತ ಮೊದಲೇ ಬಂದು ಹೋಗಿರುತ್ತಾನೆ.

ಆ ದೊಡ್ಡ ತೊಟ್ಟಿಯನ್ನು ಸಾಗಿಸಿದ್ದು ಶಿವಕಿರಣನೇ. ರಗ್ಗು ಸುತ್ತಿ, ನಾಲ್ಕು ಜನ ಹಿಡಿದು ಇವನ ಆಟೋಗೆ ಏರಿಸಿದ್ದರು. ರಿಂಗ್ ರೋಡಿನಾಚೆಯ ಬಡಾವಣೆ ಮುಟ್ಟುವವರೆಗೂ ಪಕ್ಕದಲ್ಲಿ ಕೂತ ಅಣ್ಣ ಮೃತ್ಯುಂಜಯ ರಸ್ತೆಯ ಪ್ರತಿ ಉಬ್ಬಿಗೂ "ನಿಧಾನ ಕಣೋ, ನಿಧಾನ" ಎನ್ನುತ್ತಲೇ ಇದ್ದ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ತಮ್ಮನಿಗೆ ಆಟೋ ಓಡಿಸುವುದನ್ನೂ ಕಾಲೇಜು ಮೇಷ್ಟ್ರೇ ಹೇಳಿಕೊಡಬೇಕು!

ಅಂದಿನಿಂದ ಇವನ ಮನೆಯವರಿಗೆಲ್ಲ ಭಾನುವಾರವೆಂದರೆ ಅಣ್ಣನ ಮನೆ. ಆರು ವರ್ಷದ ಮಗಳು ಲಾಸ್ಯ ಹೋದವಳೇ ಗಾಜಿಗೆ ಮೂಗು ಒತ್ತಿ ಕೂರುತ್ತಿದ್ದಳು. ಕಿತ್ತಳೆ ಬಣ್ಣದ ಮೀನುಗಳು ಅವಳ ಬೆರಳು ಹೋದಲ್ಲೆಲ್ಲ ಬರುತ್ತಿದ್ದವು. ಶಿವಕಿರಣನ ಅವ್ವ ಪ್ರೇಮಲೀಲಮ್ಮ ಹಸಿರು ಮುಚ್ಚಳದ ಡಬ್ಬಿಯಿಂದ ಮೀನಿನ ಕಾಳನ್ನು ತನ್ನ ಎಡ ಅಂಗೈಗೆ ಸುರಿದುಕೊಂಡರೆ, ಮೊಮ್ಮಗಳು ಅಲ್ಲಿಂದ ಒಂದೊಂದೇ ಹೆಕ್ಕಿ ನೀರಿಗೆ ಬಿಡುತ್ತಿದ್ದಳು. ಆ ಎಡ ಅಂಗೈ ಅವ್ವ ದಿನಾ ಬೆಳಗ್ಗೆ ಇಷ್ಟಲಿಂಗವಿಟ್ಟು ಪೂಜೆ ಮಾಡುವ ಕೈ. ಪೂಜೆಯಾಗದೆ ಹನಿ ನೀರು ಕುಡಿಯದವಳು, ಮೊಟ್ಟೆ ಹಾಕಿದ ಕೇಕನ್ನು ಹೊಸಿಲು ದಾಟಲು ಬಿಡದವಳು, ಅಲ್ಲಿ ಮಗುವಿನಂತೆ ನಗುತ್ತಿದ್ದಳು. ಇವನ ಮನೆಯಲ್ಲಿ ಆ ನಗು ಅವ್ವನಿಗೆ ಎಂದೂ ಬಂದಿರಲಿಲ್ಲ.

ಹೋದ ಭಾನುವಾರ ಹೊರಡುವ ಹೊತ್ತಿಗೆ ಲಾಸ್ಯ ಒಲ್ಲೆನೆಂದು ಅತ್ತಳು. ಮಕ್ಕಳಿಲ್ಲದ ಮೃತ್ಯುಂಜಯ ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ಜೂನ್‌ನಿಂದ ಇಲ್ಲೇ ಇರ್ಲಿ ಬುಡೋ. ನಮ್ ರೋಡಲ್ಲೇ ಒಳ್ಳೆ ಸ್ಕೂಲಿದೆ, ನಾನೇ ಓದಿಸ್ತೀನಿ. ಅಲ್ಲಿ ನಿಮ್ ಕೆಸರೆ ಏರಿಯಾದಲ್ಲಿ ಏನ್ ಕಲೀತಾಳೆ?"

ಶಿವಕಿರಣ ಹೆಂಡತಿಯ ಕಡೆ ನೋಡಿದ. ಐಶ್ವರ್ಯ ನೆಲ ನೋಡಿದಳು. ತನ್ನನ್ನು ಬಿಟ್ಟು ಮಾತು ಅಡುಗೆಮನೆಯಲ್ಲಿ ಆಗಲೇ ಮುಗಿದಿದೆ ಎಂದು ಅವನಿಗೆ ಗೊತ್ತಾಯಿತು. ಅವ್ವ ತಲೆಯಾಡಿಸುತ್ತಿದ್ದಳು. ದೊಡ್ಡಪ್ಪನ ಹೆಗಲ ಮೇಲಿಂದಲೇ ಲಾಸ್ಯ, "ಅಪ್ಪ, ನೀನು ಭಾನುವಾರ ಭಾನುವಾರ ಬಾ, ಆಯ್ತಾ?" ಎಂದಳು.

ಮಗಳನ್ನು ನೋಡಲು ನೆಂಟನ ಹಾಗೆ ಬರಬೇಕಂತೆ. ಆ ಮಾತು ಒಳಗೇ ಕೂತು ಕುದಿಯುತ್ತಿತ್ತು. ಈಗ ಕೈಯಲ್ಲಿರುವ ಈ ಪೆಟ್ಟಿಗೆ ಅಣ್ಣನ ಆ ಗಾಜಿನ ಗೋಡೆಯೆದುರು ನಿಂತೀತೇ? ನಿಲ್ಲದಿದ್ದರೆ ಜೂನ್ ಬರುತ್ತದೆ, ಮಗಳು ಹೋಗುತ್ತಾಳೆ.

"ಕೊಡಿ, ಆಗಿದ್ದಾಗ್ಲಿ," ಎಂದ. ಅವ್ವನ ನೆನಪಾಗಿ, ಮೀನಿನ ಕಾಳು ಯಾವುದರಿಂದ ಮಾಡಿದ್ದೆಂದು ಕೇಳಿದ.

ಸುಂದರೇಶ ನಕ್ಕ. "ಮೀನೇನು ಹುಲ್ಲು ತಿನ್ನುತ್ತಾ ಗುರೂ? ಒಣ ಸೀಗಡಿ, ಸಮುದ್ರದ ಮೀನಿನ ಪುಡಿ, ಎಲ್ಲಾ ರುಬ್ಬಿ ಉಂಡೆ ಕಟ್ಟಿರ್ತಾರೆ. ಮೇಷ್ಟ್ರೂ ಇದನ್ನೇ ತಗೊಂಡೋಗೋದು."

ಅದೇ ಹಸಿರು ಮುಚ್ಚಳದ ಡಬ್ಬಿ. ಶಿವಕಿರಣ ಅದನ್ನು ಕೈಗೆತ್ತಿಕೊಂಡು ನೋಡಿದ. ಬೇಡವೆಂದು ವಾಪಸ್ ಇಟ್ಟ. ಆದರೆ ತಿಳಿದ ಸಂಗತಿಯನ್ನು ಅಲ್ಲಿಡಲಿಲ್ಲ. ಅದನ್ನು ಎದೆಯಲ್ಲಿಟ್ಟುಕೊಂಡೇ ಮನೆಗೆ ಬಂದ.

ಕೆಸರೆಯ ಮನೆಯಲ್ಲಿ ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ಗೋಡೆಯಲ್ಲೇ ದೇವರ ಗೂಡು. ಅದರೆದುರಿನ ಮೂಲೆಯಲ್ಲಿ ಸ್ಟೂಲ್ ಹಾಕಿ ತೊಟ್ಟಿ ಇಟ್ಟು, ನೀರು ತುಂಬಿ ಗಿಡ ನೆಟ್ಟ. ಬರೀ ನೀರಲ್ವಾ ಎಂದು ಅವ್ವ ಆಗ ಸುಮ್ಮನಿದ್ದಳು. ನೀರು ಪಳಗಬೇಕೆಂಬ ಮಾತು ಲಾಸ್ಯಳಿಗೆ ಹಿಡಿಸಿಬಿಟ್ಟಿತು. ಸ್ಕೂಲಿಂದ ಬಂದವಳೇ ಸ್ಟೂಲಿನ ಮುಂದೆ ಕೂತು ನೀರಿಗೆ ಅ ಆ ಇ ಈ ಹೇಳಿಕೊಡುತ್ತಿದ್ದಳು. ಬರುವ ಮೀನಿಗೆ ಸೀನು ಎಂದು ಹೆಸರೂ ಇಟ್ಟಳು. ಭಾನುವಾರ ದೊಡ್ಡಪ್ಪನ ಮನೆಗೆಂದು ಐಶ್ವರ್ಯ ತಲೆ ಬಾಚಲು ಕರೆದರೆ, "ನಾನು ಬರಲ್ಲ. ನಾನು ಹೋದ್ರೆ ನೀರು ಪಳಗಲ್ಲ," ಎಂದಳು.

ಅಣ್ಣನ ಅಷ್ಟು ದೊಡ್ಡ ತೊಟ್ಟಿ, ಅಷ್ಟೊಂದು ಮೀನು. ತನ್ನದು ಖಾಲಿ ನೀರು. ಆದರೂ ಮಗಳು ಇಲ್ಲೇ ಕೂತಿದ್ದಾಳೆ. ಶಿವಕಿರಣ ಬಾಗಿಲಲ್ಲಿ ನಿಂತು ಅದನ್ನೇ ನೋಡಿದ. ಆ ದಿನ ಅವನ ಸಿಟ್ಟು ಎಲ್ಲೋ ಮಲಗಿತ್ತು.

ಮೀನು ತರುವ ದಿನ ಅವನು ಶರ್ಟು ಹಾಕಿಕೊಳ್ಳುತ್ತಿದ್ದಾಗ, ಪೂಜೆ ಮುಗಿಸಿ ಎದ್ದ ಅವ್ವ ಅಡ್ಡ ಬಂದಳು.

"ಮೀನು ಆಗಾಕಿಲ್ಲ ಕಣಪ್ಪ. ಲಿಂಗಪೂಜೆ ಮಾಡೋ ಮನೆ."

"ಅಣ್ಣನ ಮನೇಲಿ ಆಗುತ್ತೆ?"

"ಅಲ್ಲಿ ದೇವ್ರು ಮಹಡಿ ಮೇಲವ್ನೆ, ಮೀನು ಕೆಳಗವೆ. ಇಲ್ಲಿ ಕಾಲು ಚಾಚಿದ್ರೆ ಒಲೆ, ಕತ್ತೆತ್ತಿದ್ರೆ ದೇವ್ರು. ಅವನಂಗೆ ಇಡೋಕೆ ನಿನ್ ಕೈಲಾಯ್ತದಾ? ಮಗೂಗೆ ಮೀನು ಬೇಕಾದ್ರೆ ಅಲ್ಲವಲ್ಲ. ಜೂನಿಗೆ ಹೆಂಗೂ ಹೋಯ್ತಾಳೆ."

ನಗುನಗುತ್ತಲೇ ಹೇಳಿದಳು. ಅದೇ ಅವನನ್ನು ಸುಟ್ಟಿತು. ಶರ್ಟಿನ ಗುಂಡಿ ಹಾಕುತ್ತಿದ್ದ ಕೈ ನಿಂತಿತು.

"ನೀನು ಅಲ್ಲಿ ಎಡಗೈಯಲ್ಲಿ ಸುರಕೊಂಡು ತಿನ್ನಿಸ್ತಿದ್ದೆಯಲ್ಲ, ಅದೇನು ಗೊತ್ತಾ? ಒಣ ಸೀಗಡಿ. ಮೀನಿನ ಪುಡಿ. ನಿನ್ ಮೇಷ್ಟ್ರು ಮಗ ಓದಿರೋನಲ್ವಾ, ಡಬ್ಬಿ ಮೇಲೆ ಬರೆದಿರೋದು ಓದಿ ಹೇಳ್ಲಿಲ್ವಾ?"

ಅವ್ವ ತನ್ನ ಎಡಗೈಯನ್ನು ನೋಡಿಕೊಂಡಳು. ಭಸ್ಮ ಇನ್ನೂ ಬೆರಳ ಸಂದಿಯಲ್ಲಿತ್ತು. ನೇರ ಬಚ್ಚಲಿಗೆ ಹೋದಳು. ಹಿತ್ತಾಳೆ ಚೊಂಬನ್ನು ತಿಕ್ಕುವ ಹಾಗೆ ಹುಣಸೆಹಣ್ಣಿನಿಂದ ಅಂಗೈ ತಿಕ್ಕುವ ಸದ್ದು ಕೋಣೆಗೆ ಕೇಳುತ್ತಿತ್ತು. ತಲೆ ಮೇಲೆ ತಣ್ಣೀರು ಸುರಿದುಕೊಂಡಿದ್ದೂ ಕೇಳಿತು.

"ನಿಮಗಿದು ಯಾವತ್ತು ಗೊತ್ತಾಯ್ತು?" ಎಂದು ಐಶ್ವರ್ಯ ಕೇಳಿದಳು. ಅವನು ಗೋಡೆಯ ಕಡೆ ತಿರುಗಿದ.

ಒದ್ದೆ ಕೂದಲಲ್ಲೇ ಬಂದ ಅವ್ವ ಸೊಸೆಯ ಫೋನ್ ಈಸಿಕೊಂಡು ದೊಡ್ಡ ಮಗನಿಗೆ ಮಾಡಿಸಿದಳು.

"ಮಗು ಅಲ್ಲಿಗೆ ಬರಾಕಿಲ್ಲ ಕಣಪ್ಪ. ನಾನೂ ಬರಾಕಿಲ್ಲ."

ಕಾರಣ ಹೇಳಲಿಲ್ಲ. ಫೋನಿನೊಳಗಿಂದ "ಯಾಕವ್ವ? ಯಾಕೆ?" ಎಂಬ ಅಣ್ಣನ ದನಿ ಸಣ್ಣಗೆ ಬಂತು. ಆ ದನಿ ಒಂದಲ್ಲ ಒಂದು ದಿನ ಹಾಗೆ ಕೇಳಲಿ ಎಂದು ಶಿವಕಿರಣ ಎಷ್ಟೋ ವರ್ಷ ಕಾದಿದ್ದ. ಅವ್ವ ಫೋನ್ ಇಟ್ಟು, ಮೂಲೆಯ ತೊಟ್ಟಿಯ ಕಡೆ ಕಣ್ಣು ಹಾಯಿಸಿ, "ಇಲ್ಲೂ ಬ್ಯಾಡ," ಎಂದಳು. ಇನ್ನೊಮ್ಮೆ ಸ್ನಾನವಾದ ಮೈಯಲ್ಲಿ ದೇವರ ಗೂಡಿನ ಕಡೆ ತಿರುಗಿ ಕೂತಳು.

ಶಿವಕಿರಣ ಗುಂಡಿ ಹಾಕದ ಶರ್ಟಿನಲ್ಲೇ ನಿಂತಿದ್ದ. ಅಡುಗೆಮನೆಯಿಂದ ಲಾಸ್ಯ ಮುಷ್ಟಿ ತುಂಬ ಮಂಡಕ್ಕಿ ತಂದಳು. ಸ್ಟೂಲಿನ ಮುಂದೆ ಕೂತು, ಅಂಗೈ ಬಿಚ್ಚಿ, ಒಂದೊಂದೇ ಹೆಕ್ಕಿ ನೀರಿಗೆ ಬಿಟ್ಟಳು. ಗಿಡದ ನೆತ್ತಿಯ ಮೇಲೆ ಅವು ಬೆಳ್ಳಗೆ ತೇಲಿದವು. ಗಾಜಿಗೆ ಮೂಗು ಒತ್ತಿ, ಕೆಳಗಿನಿಂದ ಯಾರಾದರೂ ಬಂದು ತಿನ್ನಲಿ ಎಂದು ಅವಳು ಕಾಯತೊಡಗಿದಳು. ಮಂಡಕ್ಕಿ ನಿಧಾನವಾಗಿ ನೀರು ಕುಡಿದು ಮೆತ್ತಗಾಗುತ್ತಿತ್ತು.